ದಂಡಿನ ಬಂಗಲೆಗೆ ನಾನು ಬರೆಸಿದ ಹೆಸರು

ಹೆಣ್ಣು ನೋಡಲು ನಾವು ಮಂಚೇನಹಳ್ಳಿಗೆ ಹೋದ ದಿನ ಹುಡುಗಿಯ ತಂದೆ ನನ್ನ ಜಾತಕ ಕೇಳಲಿಲ್ಲ, ಸಂಬಳವನ್ನೂ ಕೇಳಲಿಲ್ಲ. ಉಪ್ಪಿಟ್ಟು ಮುಗಿದ ಮೇಲೆ ನನ್ನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, ಸಂತೆಯಲ್ಲಿ ಹೋರಿ ಕೊಳ್ಳುವವರು ನೋಡುವ ಹಾಗೆ ಸುತ್ತಲೂ ಒಮ್ಮೆ ನೋಡಿದರು.

“ಕವಾಯತು ಮಾಡಿದೀರಾ?”

“ಇಲ್ಲ.”

“ಆಟಗೀಟ?”

“ಚಿಕ್ಕೋನಿದ್ದಾಗ ಗೋಲಿ ಆಡ್ತಿದ್ದೆ.”

“ಮತ್ತೆ ಇಷ್ಟು ವರ್ಷ ಏನು ಮಾಡಿದ್ರಿ?”

“ಕನ್ನಡ ಎಂ.ಎ. ಮಾಡಿದೆ. ಹಳಗನ್ನಡ ವಿಶೇಷ.”

“ಓ,” ಎಂದರು ಅವರು. ಯಾರಿಗೋ ಕಾಯಿಲೆಯೆಂದು ಕೇಳಿದಾಗ ನಾವು ಹೇಳುತ್ತೇವಲ್ಲ, ಆ “ಓ”. ಆಮೇಲೆ ನನ್ನ ಭುಜ ತಟ್ಟಿ, “ಇರ್ಲಿ ಬಿಡಿ, ಎಲ್ಲರೂ ಒಂದೇ ತರ ಇರಕ್ಕಾಗಲ್ಲ” ಎಂದು ಒಳಗೆ ಹೋದರು.

ಮದುವೆಯಾಯಿತು. ಅದು ಹೇಗಾಯಿತೆಂದು ನನಗೆ ಬಹಳ ದಿನ ಗೊತ್ತಿರಲಿಲ್ಲ. ಕಡೆಗೊಮ್ಮೆ ಹೆಂಡತಿಯೇ ಹೇಳಿದಳು. “ನಮ್ಮಪ್ಪ ಬೇಡ ಅಂದಿದ್ರು. ನೀವು ಕಾಫಿ ಲೋಟ ಹಿಡ್ಕೊಂಡು ನಡುಗ್ತಿದ್ರಲ್ಲ, ಅದನ್ನ ನೋಡಿ ನನಗೇ ಪಾಪ ಅನ್ನಿಸ್ತು.”

ಮಾವ ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಬಂದೂಕಿಗಿಂತ ಹೆಚ್ಚಾಗಿ ಸೇತುವೆ ಕಟ್ಟುವ ದಳದ ಕೆಲಸ. ನಿವೃತ್ತರಾಗಿ ಊರಿಗೆ ಬಂದು ರಾಗಿ, ಕಡಲೆಕಾಯಿ ಬೆಳೆಯುತ್ತಿದ್ದರು. ಅವರ ಹೊಲದಲ್ಲಿ ಕಡಲೆಕಾಯಿ ಗಿಡಗಳು ಕೂಡ ಸಾಲಿನಲ್ಲಿ ಎದೆಯುಬ್ಬಿಸಿ ನಿಂತ ಹಾಗೆ ಕಾಣುತ್ತಿದ್ದವು. ನಾನಾದರೋ ಶಿಡ್ಲಘಟ್ಟದ ರೇಷ್ಮೆ ಬಿಚ್ಚುವ ಮನೆಯಲ್ಲಿ ಹುಟ್ಟಿ, ಆ ಬಿಸಿನೀರಿನ ಕೆಲಸಕ್ಕೆ ಹೆದರಿ ಪುಸ್ತಕ ಹಿಡಿದವನು. ಚಿಕ್ಕಬಳ್ಳಾಪುರದ ಜೂನಿಯರ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ನಾಯಿ ಕಂಡರೆ ರಸ್ತೆ ದಾಟುತ್ತಿದ್ದೆ. ಏಣಿ ಹತ್ತಿದರೆ ತಲೆ ತಿರುಗುತ್ತಿತ್ತು. ಮಾವ ನಮ್ಮ ಮನೆಗೆ ಬಂದಾಗಲೆಲ್ಲ ಬಲ್ಬು ಬದಲಾಯಿಸುವುದು, ಹೆಂಚು ಸರಿಮಾಡುವುದು ಮುಂತಾದವನ್ನು ತಾವೇ ಮುಗಿಸಿ ಹೋಗುತ್ತಿದ್ದರು. ಅವರು ಮೇಲೆ, ನಾನು ಕೆಳಗೆ ಏಣಿ ಹಿಡಿದುಕೊಂಡು. “ಹಿಡಿದಿದ್ದೀರಾ ಅಳಿಯಂದ್ರೆ?” ಎಂದು ಆಗಾಗ ಕೇಳುತ್ತಿದ್ದರು. ನನ್ನ ಮೇಲೆ ಅವರಿಗೆ ಆ ಮಟ್ಟಿಗಿನ ನಂಬಿಕೆಯೂ ಇರಲಿಲ್ಲ.

ಆಗ ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳೆಲ್ಲ ಕೋಲಾರ ಜಿಲ್ಲೆಗೆ ಸೇರಿದ್ದವು. ಚಿಕ್ಕಬಳ್ಳಾಪುರದಿಂದ ನಂದಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ದ್ರಾಕ್ಷಿ ತೋಟಗಳು ಶುರುವಾಗುವ ಕಡೆ, ಒಂದು ಹಳೆಯ ಬಂಗಲೆಯಿತ್ತು. ಬ್ರಿಟಿಷರ ಕಾಲದಲ್ಲಿ ದಂಡು ಬಂದು ಬೀಡು ಬಿಟ್ಟಾಗ ಅದರ ಮುಖ್ಯಾಧಿಕಾರಿ ವಾಸವಾಗಿರುತ್ತಿದ್ದ ಮನೆ. ಜನರ ಬಾಯಲ್ಲಿ ಅದು ದಂಡಿನ ಬಂಗಲೆ. ಎರಡು ಆಳು ಎತ್ತರದ ಬಾಗಿಲುಗಳು, ಮೊಳ ದಪ್ಪದ ಗೋಡೆಗಳು, ಹಿಂದುಗಡೆ ಕುದುರೆ ಲಾಯ, ಮುಂದುಗಡೆ ಉದ್ದನೆಯ ಕಂಬಸಾಲಿನ ಜಗಲಿ. ಬಹಳ ಕಾಲ ಖಾಲಿ ಬಿದ್ದಿದ್ದ ಅದನ್ನು ಎಂಬತ್ತರ ದಶಕದಲ್ಲಿ ಸರ್ಕಾರ ನಮ್ಮ ನಾಲ್ಕು ತಾಲ್ಲೂಕುಗಳ ಮಾಜಿ ಸೈನಿಕರಿಗೆ ತಂಗುಮನೆಯಾಗಿ ಬಿಟ್ಟುಕೊಟ್ಟಿತು. ಪಿಂಚಣಿ ಕೆಲಸಕ್ಕೆ ಬಂದವರು, ಆಸ್ಪತ್ರೆಗೆ ಬಂದವರು ಅಲ್ಲಿ ಮಲಗಿ ಹೋಗಬಹುದಿತ್ತು.

ಮೊದಲ ಸಭೆಯಲ್ಲಿ ಮಾವ ಎದ್ದು ನಿಂತರಂತೆ. “ಇದು ಬಿಳೀ ದೊರೆ ಕಾಲು ಚಾಚಿ ಮಲಗ್ತಿದ್ದ ಮನೆ. ಇವತ್ತಿಗೂ ಅವನ ದಂಡಿನ ಹೆಸರಲ್ಲೇ ಕರೀತೀವಿ. ನಮಗೇನು ಜನ ಇಲ್ವಾ? ನಮ್ಮ ಜನರಲ್ ಸಾಹೇಬ್ರ ಹೆಸರಿಡಣ” ಎಂದರಂತೆ. ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಚಿಂತಾಮಣಿ ಕಡೆಯ ಒಬ್ಬರು ಮಾತ್ರ, “ಜನರಲ್ ಸಾಹೇಬ್ರು ಇಲ್ಲಿ ಒಂದಿನಾನೂ ಬಂದು ಇದ್ದವರಲ್ಲವಲ್ಲ” ಎಂದು ಸಂಶಯ ಎತ್ತಿದರಂತೆ. “ರೋಡಿಗೆ ಹೆಸರಿಡ್ತೀವಿ, ಅವರೆಲ್ಲ ರೋಡಲ್ಲಿ ಮಲಗಿದ್ರಾ?” ಎಂದು ಮಾವ ಕೇಳಿದ ಮೇಲೆ ಆ ಸಂಶಯ ಮುಗಿಯಿತು.

ಜನರಲ್ ಸಾಹೇಬರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ದೇಶಕ್ಕೆಲ್ಲ ಗೊತ್ತಿದ್ದ ದೊಡ್ಡ ಮನುಷ್ಯರು, ನನ್ನ ಅವಿವೇಕದ ಕಥೆಯಲ್ಲಿ ಅವರಿಗೇನು ಕೆಲಸ? ಆಗ ಅವರು ನಿವೃತ್ತರಾಗಿ ಬಹಳ ವರ್ಷಗಳಾಗಿದ್ದವು. ಮಾವನ ಪಾಲಿಗೆ ಮಾತ್ರ ಅವರು ನಿನ್ನೆ ಮೊನ್ನೆ ನೋಡಿದವರು. ಹಿಮದ ಬೆಟ್ಟಗಳಲ್ಲಿ ಎಲ್ಲೋ ಒಂದು ಹೊಳೆಗೆ ಮಾವನ ದಳ ಸೇತುವೆ ಕಟ್ಟಿತ್ತು. ಅದರ ಮೇಲೆ ಲಾರಿ ಬಿಡುವ ಮೊದಲು ಜನರಲ್ ಸಾಹೇಬರು ತಾವೇ ನಡೆದು ದಾಟಿ, ಈ ಬದಿಗೆ ಬಂದು ಮಾವನ ಕೈ ಕುಲುಕಿ, ತಮ್ಮ ಪಾಲಿನ ಚಹಾದಲ್ಲಿ ಅರ್ಧ ಕೊಟ್ಟಿದ್ದರು. ಈ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮದುವೆಯಾದ ಹೊಸದರಲ್ಲಿ ಅದು ಹೊಳೆಯಾಗಿತ್ತು. ನಮಗೆ ಮಗಳು ಹುಟ್ಟುವ ಹೊತ್ತಿಗೆ ನದಿಯಾಗಿತ್ತು.

ಸಭೆಯ ಮಾರನೆಯ ವಾರ ಮಾವ ನಮ್ಮ ಮನೆಗೆ ಬಂದರು. ಕಾಫಿ ಕುಡಿದು, ಗಂಟಲು ಸರಿಮಾಡಿಕೊಂಡು, “ಅಳಿಯಂದ್ರೆ, ಬಂಗಲೆ ಮೇಲೆ ಕನ್ನಡದಲ್ಲಿ ಹೆಸರು ಬರ್ಸಬೇಕು. ನೀಟಾಗಿರ್ಬೇಕು. ನೀವು ಓದಿರೋದು ಅದನ್ನೇ ಅಲ್ವಾ?” ಎಂದರು.

ನನಗೆ ಮೈ ಜುಮ್ಮೆಂದಿತು. ಏಣಿ ಹಿಡಿಯುವುದನ್ನು ಬಿಟ್ಟು ಬೇರೊಂದು ಕೆಲಸಕ್ಕೆ ಮಾವ ನನ್ನನ್ನು ಕರೆದದ್ದು ಅದೇ ಮೊದಲು. “ಬಿಡಿ ಮಾವ, ಅದನ್ನ ನನಗೆ ಬಿಡಿ. ಸಾವಿರ ವರ್ಷ ನಿಲ್ಲೋ ಹಂಗೆ ಬರೀತೀನಿ” ಎಂದೆ.

“ಹೆಸರು ಬರೆಯಕ್ಕೆ ಸಾವಿರ ವರ್ಷ ಯಾಕ್ರೀ?” ಎಂದಳು ಹೆಂಡತಿ ಅಡುಗೆಮನೆಯಿಂದ.

ಅವಳ ಮಾತನ್ನು ಆಗಲೇ ಕೇಳಬೇಕಿತ್ತು. ನಾನು ಕೇಳಿದ್ದು ಶಾಸನಗಳ ಮಾತನ್ನು. ಹಳೆಯ ಕಲ್ಲುಗಳ ಮೇಲೆ ದಂಡನಾಯಕರ ಹೆಸರಿಗೆ ಮೊದಲು ಬಿರುದುಗಳು ಒಂದರ ಹಿಂದೊಂದು ಬರುತ್ತವೆ. ಓದುವವನಿಗೆ ಉಸಿರು ಕಟ್ಟಿದ ಮೇಲೆ ಕಡೆಯಲ್ಲಿ ಹೆಸರು ಬರುತ್ತದೆ. ನಮ್ಮ ಜನರಲ್ ಸಾಹೇಬರು ಯಾವ ದಂಡನಾಯಕನಿಗೆ ಕಡಿಮೆ? ಕಾಲೇಜಿನಲ್ಲಿ ಪಾಠ ನಡೆಯುತ್ತಿದ್ದಾಗಲೇ ನನಗೆ ಬಿರುದುಗಳು ಹೊಳೆಯುತ್ತಿದ್ದವು. ಸಮಾಸದ ಪಾಠ ಮಾಡುತ್ತಾ ಕರಿಹಲಗೆಯ ಮೇಲೆ ‘ಸಮರಸಿಂಹ’ ಎಂದು ಬರೆದು ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಸಂತೋಷಪಟ್ಟೆ. ಮಕ್ಕಳು ಅದನ್ನು ಬರೆದುಕೊಂಡವು. ಪರೀಕ್ಷೆಗೆ ಬರುತ್ತದೆ ಎಂದುಕೊಂಡಿರಬೇಕು.

ತಕರಾರು ಬಂದದ್ದು ‘ಜನರಲ್’ ಎಂಬ ಪದಕ್ಕೆ. ಅದನ್ನು ನಾನು ‘ಮಹಾದಂಡನಾಯಕ’ ಎಂದು ಮಾಡಿದ್ದೆ. ಮಾವ ಕೆಂಪಾದರು.

“ಇದ್ಯಾರು?”

“ಜನರಲ್ ಅಂದ್ರೆ ಕನ್ನಡದಲ್ಲಿ ಅದೇ ಮಾವ.”

“ನಮ್ಮ ಸಾಹೇಬ್ರು ಜನರಲ್ಲು. ಜನರಲ್ ಅಂದ್ರೆ ಜನರಲ್. ಅದನ್ನ ದಪ್ಪಕ್ಕೆ ಬರ್ಸಿ. ರೋಡಲ್ಲಿ ಬಸ್ಸಲ್ಲಿ ಹೋಗೋರಿಗೂ ಕಾಣ್ಬೇಕು. ಮಿಕ್ಕಿದ್ದು ನೀವು ಏನಾದ್ರೂ ಮಾಡ್ಕಳಿ.”

ಒಪ್ಪಂದವಾಯಿತು. ಮೊದಲು ದಪ್ಪಗೆ ‘ಜನರಲ್’. ಕೊನೆಗೆ ಅಷ್ಟೇ ದಪ್ಪಗೆ ‘ನಿವಾಸ’. ನಡುವೆ ನನ್ನ ಸಾಮ್ರಾಜ್ಯ. ಒಳ್ಳೆಯ ಕಾಗದದ ಮೇಲೆ ಬರೆದೆ. ಬಿರುದುಗಳೆಲ್ಲ ಮುಗಿದ ಮೇಲೆ ಜನರಲ್ ಸಾಹೇಬರ ಹೆಸರು ಬರಬೇಕಾದ ಕಡೆ ಚುಕ್ಕಿಗಳನ್ನಿಟ್ಟು ಬಿಟ್ಟೆ. ಹೆಸರು ಹೇಗೂ ಗೊತ್ತಿದ್ದದ್ದೇ, ಆಮೇಲೆ ತುಂಬಿದರಾಯಿತು ಎಂದುಕೊಂಡೆ. ಆ ಆಮೇಲೆ ಬರಲೇ ಇಲ್ಲ. ಕಾಗದ ಹಾಗೆಯೇ ಪೇಂಟರ್ ಕೈ ಸೇರಿತು.

ಪೇಂಟರ್ ನಮ್ಮ ಶಿಡ್ಲಘಟ್ಟದವನೇ. ಅಂಗಡಿ ಬೋರ್ಡು, ಲಾರಿಯ ಹಿಂದಿನ ಹುಲಿ, ಚುನಾವಣೆಯ ಗೋಡೆ ಯಾವುದನ್ನಾದರೂ ಬರೆಯಬಲ್ಲವನು. ಬಂಗಲೆಯ ಗೇಟಿನ ಮೇಲೆ ಗಾರೆಯ ಕಮಾನು ಇತ್ತು, ಅದರ ಮೇಲೆ ಬರೆಯುವುದೆಂದಾಯಿತು. ಕಮಾನು ಚಿಕ್ಕದು, ನನ್ನ ಸಾಹಿತ್ಯ ದೊಡ್ಡದು. ಅವನು ಜಾಣ. ‘ಜನರಲ್’ ಮತ್ತು ‘ನಿವಾಸ’ ಎರಡನ್ನೂ ಹೇಳಿದಂತೆಯೇ ದಪ್ಪಗೆ ಬರೆದು, ನಡುವಿನದನ್ನೆಲ್ಲ ಇರುವೆ ಸಾಲಿನ ಹಾಗೆ ಮೂರು ಪಂಕ್ತಿಗಳಲ್ಲಿ ಕೂರಿಸಿದ.

ಕೆಲಸ ಮುಗಿದ ಸಂಜೆ ನಾನು ಪರಿಶೀಲನೆಗೆ ಹೋದೆ. ಏಣಿಯ ಎರಡನೆಯ ಮೆಟ್ಟಿಲ ತನಕ ಹತ್ತಿ, ಅಲ್ಲಿಂದ ಮೇಲೆ ಹೋಗುವ ಧೈರ್ಯವಿಲ್ಲದೆ, ಕತ್ತು ಎತ್ತಿ ಓದಿದೆ. ‘ರಣದುರಂದರ’ ಎಂದು ಬರೆದಿದ್ದ.

“ಧ ಹೊಟ್ಟೆ ಸೀಳಿಲ್ಲವಲ್ಲಪ್ಪ!” ಎಂದೆ.

“ಸಣ್ಣಕ್ಷರ ಸಾರ್, ಯಾರಿಗೆ ಕಾಣ್ತದೆ?”

“ಯಾರಿಗೂ ಕಾಣದಿದ್ರೂ ನನಗೆ ಕಾಣುತ್ತೆ. ಸೀಳು.”

ಅವನು ಮೇಲೆ ಹತ್ತಿ ಸೀಳಿದ. ಇನ್ನೊಂದು ಕಡೆಯೂ ಸೀಳಿಸಿದೆ. ‘ಶೌರ್ಯಸಾಗರ’ದ ಅರ್ಕಾವೊತ್ತನ್ನು ಸರಿಯಾದ ಜಾಗಕ್ಕೆ ತರಿಸಿದೆ. ಎಲ್ಲ ಸರಿಯಾಯಿತೆಂದು ಬೀಗುತ್ತಾ ಮನೆಗೆ ಹೋದೆ. ಮಹಾಪ್ರಾಣದ ಹೊಟ್ಟೆ ಸೀಳಿಸುವುದರಲ್ಲಿ ಮುಳುಗಿದ್ದ ನನಗೆ, ಮೂರನೆಯ ಪಂಕ್ತಿಯ ಕೊನೆಯಲ್ಲಿ ಏನಿದೆ, ಏನಿಲ್ಲ ಎಂಬುದು ಕಾಣಲಿಲ್ಲ. ಅಲ್ಲಿ ಬಣ್ಣಬಣ್ಣವಾಗಿ ಏನೋ ಇದ್ದದ್ದು ಮಾತ್ರ ಕಂಡಿತ್ತು. ಚೆನ್ನಾಗಿದೆ ಎಂದುಕೊಂಡಿದ್ದೆ.

ಬಂಗಲೆಯ ಉದ್ಘಾಟನೆಗೆ ಜನರಲ್ ಸಾಹೇಬರೇ ಬರಲು ಒಪ್ಪಿದರು. ಆ ಸುದ್ದಿ ತಿಳಿದ ದಿನ ಮಾವ ಮಂಚೇನಹಳ್ಳಿಯಿಂದ ಬಸ್ಸು ಹತ್ತಿ ಬಂದು, ನಮ್ಮ ಬಾಗಿಲಲ್ಲೇ ನಿಂತು, “ಬರ್ತಾರಂತೆ” ಎಂದಷ್ಟೇ ಹೇಳಿ, ನೀರು ಕೂಡ ಕುಡಿಯದೆ ಅದೇ ಬಸ್ಸಿಗೆ ವಾಪಸ್ಸು ಹೋದರು. ತಮ್ಮ ಕೋಟಿನ ಪದಕಗಳನ್ನು ಅವರು ಎಷ್ಟು ಉಜ್ಜಿದರೋ, ಅತ್ತೆ ಮಗಳಿಗೆ ಹೇಳಿ ಕಳುಹಿಸಿದ್ದರು: “ಮನೇಲಿ ಹುಣಸೆಹಣ್ಣೆಲ್ಲ ಖಾಲಿ.”

ಅವರೆಕಾಯಿಯ ಕಾಲ, ಭಾನುವಾರ. ನಂದಿ ಬೆಟ್ಟದ ಮೇಲಿನಿಂದ ಮಂಜು ಇನ್ನೂ ಇಳಿದಿರಲಿಲ್ಲ. ಕಮಾನಿಗೆ ಪರದೆ ಕಟ್ಟಿ ಮುಚ್ಚುವುದು ನನ್ನ ಕೆಲಸ, ಸಾಹೇಬರು ಬಂದು ಅದನ್ನು ಸರಿಸಬೇಕು. ಹೆಂಡತಿಯ ಕೆಂಪು ಸೀರೆಯೊಂದನ್ನು ಸೈಕಲ್ಲಿಗೆ ಕಟ್ಟಿಕೊಂಡು ಬೆಳಿಗ್ಗೆಯೇ ಹೊರಟೆ. ದೂರದಿಂದಲೇ ಬಂಗಲೆಯ ಅಂಗಳದಲ್ಲಿ ಹೊಗೆ ಕಂಡಿತು. ಬೆಂಕಿ ಬಿತ್ತೆಂದು ಗಾಬರಿಯಾಗಿ ಪೆಡಲು ತುಳಿದೆ.

ಬೆಂಕಿ ಬಿದ್ದಿರಲಿಲ್ಲ, ಹೊತ್ತಿಸಿದ್ದರು. ಮೂರು ಕಲ್ಲಿನ ಒಲೆ, ಅದರ ಮೇಲೆ ದೊಡ್ಡ ಪಾತ್ರೆ. ಕಂಬಸಾಲಿನ ಜಗಲಿಯ ಮೇಲೆ ಗಣ್ಯರಿಗೆಂದು ಹಾಕಿದ್ದ ಕುರ್ಚಿಗಳಲ್ಲಿ ಗಂಟುಮೂಟೆಗಳು ಕೂತಿದ್ದವು. ಜಮಖಾನದ ಮೇಲೆ ಹೆಂಗಸರು ಅವರೆಕಾಳು ಹಿಸುಕುತ್ತಿದ್ದರು. ಎರಡು ಕಂಬಗಳ ನಡುವೆ ಸೀರೆಯ ಜೋಲಿ ಕಟ್ಟಿ ಮಗುವನ್ನು ಮಲಗಿಸಿದ್ದರು. ಇಡೀ ದಂಡಿಗೆ ಒಬ್ಬ ಅಜ್ಜಿ ನಾಯಕಿ.

“ಯಾರಮ್ಮ ನೀವು? ಇಲ್ಲಿ ಯಾಕೆ ಬಂದ್ರಿ?” ಎಂದೆ.

“ಚಿಂತಾಮಣಿ ಕಡೆಯೋರು ನಾಯ್ನಾ. ಮಗೀಗೆ ಮುಡಿ ತೆಗ್ಸಕ್ಕೆ ನಂದಿಗೆ ಹೊಂಟಿದ್ವಿ. ವ್ಯಾನು ಇಲ್ಲೇ ಕೆಟ್ಟು ನಿಂತ್ಕಂಡ್ತು. ರಿಪೇರಿಯೋರು ಬರೋಗಂಟ ಒಂದು ಸಾರು ಮುದ್ದೆ ಮಾಡ್ಕಂಡು ಹೋಗಣ ಅಂತ.”

“ಇದು ನೀವು ಇಳ್ಕೊಳ್ಳೋ ಜಾಗ ಅಲ್ಲಮ್ಮ.”

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಯಾಕಲ್ಲ? ಜನರಲ್ ನಿವಾಸ ಅಂತ ಅಷ್ಟು ದಪ್ಪಕ್ಕೆ ಬರ್ದವ್ರಂತಲ್ಲ, ನಮ್ಮ ಅಳಿಯ ಓದಿದ. ಸ್ಪೆಷಲ್ ಅಂತ ಬರ್ದಿದ್ರೆ ನಾವ್ಯಾಕೆ ಒಳಕ್ಕೆ ಬರ್ತಿದ್ವಿ?”

“ಹಾಗಲ್ಲಮ್ಮ. ಜನರಲ್ ಅಂದ್ರೆ ಮಿಲಿಟ್ರೀಲಿ ಎಲ್ಲರಿಗಿಂತ ದೊಡ್ಡೋರು.”

“ಏನು ದೊಡ್ಡೋರು? ರೈಲಲ್ಲಿ ಜನರಲ್ ಡಬ್ಬಿ ಅಂತಿರ್ತದೆ, ಅದ್ರಲ್ಲಿ ದೊಡ್ಡೋರು ಕೂತಿರ್ತಾರಾ? ಆಸ್ಪತ್ರೇಲಿ ಜನರಲ್ ವಾರ್ಡಲ್ಲಿ ನನ್ನ ಮಗಳಿಗೆ ಹೆರಿಗೆ ಆಯ್ತು. ಅಲ್ಲಿ ಯಾವ ಮಿಲಿಟ್ರಿಯೋರೂ ಇರ್ಲಿಲ್ಲ.”

ಹಳಗನ್ನಡದಲ್ಲಿ ವಿಶೇಷ ಅಧ್ಯಯನ ಮಾಡಿದ ನಾನು ಗೇಟಿನ ಹೊರಗೆ ಹೋಗಿ ರಸ್ತೆಯಲ್ಲಿ ನಿಂತು ಕಮಾನನ್ನು ನೋಡಿದೆ. ಅಲ್ಲಿಂದ ಕಾಣುತ್ತಿದ್ದದ್ದು ‘ಜನರಲ್’, ‘ನಿವಾಸ’ ಎರಡೇ. ನಡುವಿನ ನನ್ನ ಸಾಮ್ರಾಜ್ಯ ಗೋಡೆಗೆ ಕೊಳೆ ಹತ್ತಿದ ಹಾಗಿತ್ತು.

“ಸುಮ್ನೆ ನಿಂತ್ಕಂಡು ಏನು ನೋಡ್ತೀಯ ನಾಯ್ನಾ,” ಎಂದು ಅಜ್ಜಿ ಒಳಗಿನಿಂದ ಕೂಗಿದಳು, “ಬಾವಿ ಎಲ್ಲೈತೆ ಅಂತಾನಾದ್ರೂ ತೋರ್ಸು. ಎರಡು ಕೊಡ ನೀರು ತಂದ್ಕೊಟ್ರೆ ನಿನ್ಗೂ ಮುದ್ದೆ.”

ಮಾವ ಬಂದಾಗ ನಾನು ಕೊಡ ಹೊತ್ತುಕೊಂಡು ಲಾಯದ ಕಡೆಯಿಂದ ಬರುತ್ತಿದ್ದೆ. ಕೆಂಪು ಸೀರೆ ಇನ್ನೂ ಸೈಕಲ್ಲಿನ ಮೇಲೆಯೇ ಇತ್ತು. ಅವರು ಪದಕಗಳು ಹೊಳೆಯುವ ಕೋಟು ತೊಟ್ಟು, ಗೌರಿಬಿದನೂರು ಕಡೆಯ ಹಳೆಯ ಸೈನಿಕರನ್ನು ಹಿಂದಿಟ್ಟುಕೊಂಡು ಗೇಟಿನೊಳಗೆ ಕಾಲಿಟ್ಟವರು ಹಾಗೆಯೇ ನಿಂತುಬಿಟ್ಟರು.

“ಏನಿದು!” ಎಂದು ಗುಡುಗಿದರು. ಆ ಸ್ವರಕ್ಕೆ ಒಂದು ಕಾಲದಲ್ಲಿ ಇಡೀ ದಳ ನೆಟ್ಟಗಾಗುತ್ತಿದ್ದಿರಬೇಕು. ಕಂಬದ ಮೇಲಿನ ಪಾರಿವಾಳಗಳು ಹಾರಿಹೋದವು.

“ಮೆಲ್ಲಕ್ಕೆ ಮಾತಾಡಪ್ಪ,” ಎಂದಳು ಅಜ್ಜಿ ಸೌಟು ಎತ್ತಿ. “ಮಗ ಮಲ್ಗೈತೆ.”

ಮಾವ ತಕ್ಷಣ ದನಿ ತಗ್ಗಿಸಿದರು. ಅದು ಅವರಿಗೇ ಆಶ್ಚರ್ಯವಾಗಿರಬೇಕು. ನನ್ನ ಹತ್ತಿರ ಬಂದು ಪಿಸುಮಾತಿನಲ್ಲಿ, “ಅಳಿಯಂದ್ರೆ, ಇವರನ್ನ ಕಳ್ಸಿ. ಸಾಹೇಬ್ರು ಬರೋ ಹೊತ್ತಾಯ್ತು” ಎಂದರು.

“ಹೋಗಲ್ವಂತೆ ಮಾವ.”

“ನೀವೇನು ಹೇಳಿದ್ರಿ?”

“ನಾನು... ನೀರು ತಂದ್ಕೊಟ್ಟೆ.”

ಅವರು ಉತ್ತರ ಕೊಡುವ ಮೊದಲೇ ಗೇಟಿನ ಮುಂದೆ ಕಾರು ನಿಂತಿತು. ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟಿದ್ದರು ಜನರಲ್ ಸಾಹೇಬರು.

ನಾನು ಆರಡಿಯ ಸಮರಸಿಂಹನನ್ನು ನಿರೀಕ್ಷಿಸಿದ್ದೆ. ಕಾರಿನಿಂದ ಇಳಿದವರು ತೆಳ್ಳನೆಯ ಮುದುಕರು. ಕೈಯಲ್ಲಿ ಕೋಲು, ಕುತ್ತಿಗೆಗೆ ಉಣ್ಣೆಯ ಮಫ್ಲರ್. ಹಳೆಯ ಸೈನಿಕರು ಕ್ಷಣದಲ್ಲಿ ಸಾಲಾಗಿ ನಿಂತರು. ಮಾವ ಸೆಲ್ಯೂಟ್ ಹೊಡೆದರು. ಆ ಸೆಲ್ಯೂಟಿನ ಜೊತೆಗೆ ಅವರ ವಯಸ್ಸು ಇಳಿದುಹೋದದ್ದನ್ನು ನಾನು ಕಣ್ಣಾರೆ ಕಂಡೆ. ನಾನೂ ಕೊಡ ಇಳಿಸಿ, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಸಾಲಿನ ತುದಿಗೆ ಹೋಗಿ ನಿಂತೆ.

ಸಾಹೇಬರು ಒಬ್ಬೊಬ್ಬರ ಕೈ ಕುಲುಕಿ, ಹೊಗೆಯ ಕಡೆ ನೋಡಿ, “ಏನು, ಊಟದ ಏರ್ಪಾಟು ಜೋರಾಗಿದೆ” ಎಂದರು. ಆಮೇಲೆ ಅವರು ತಿರುಗಿ ಕಮಾನಿನ ಕಡೆ ತಲೆ ಎತ್ತಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ದಪ್ಪ ಅಕ್ಷರ ಓದಿದೆ. ಮಧ್ಯದಲ್ಲಿ ಏನೋ ಸಣ್ಣದಾಗಿ ಇದೆಯಲ್ಲ, ಅದೇನು? ಬರೆದವರು ಯಾರು?”

ಎಲ್ಲರೂ ನನ್ನ ಕಡೆ ನೋಡಿದರು.

“ಓದಿ ನೋಡೋಣ,” ಎಂದರು ಸಾಹೇಬರು.

ನಾನು ಮುಂದೆ ಬಂದು, ಕೈ ಕಟ್ಟಿಕೊಂಡು ಶುರುಮಾಡಿದೆ. “ಸ್ವಸ್ತಿ ಶ್ರೀ ಸಮರಸಿಂಹ, ರಣಧುರಂಧರ, ಅರಿಭಯಂಕರ...” ತರಗತಿಯಲ್ಲಿ ಓದುವಾಗ ಇದ್ದ ರಾಗ ಅಲ್ಲಿ ಬರಲಿಲ್ಲ. ಅರಿಗಳಿಗೆ ಭಯಂಕರರಾದವರು ಎದುರಿಗೇ ಮಫ್ಲರ್ ಸರಿಮಾಡಿಕೊಳ್ಳುತ್ತಾ ನಿಂತಿದ್ದರು. “ಶೌರ್ಯಸಾಗರ, ಹಿಮಾದ್ರಿರಕ್ಷಾಮಣಿ, ಅಖಂಡಭಾರತಸೇನಾಸಮುದ್ರಪೂರ್ಣಚಂದ್ರ...” ಇಲ್ಲಿ ಉಸಿರು ನಿಂತಿತು. ಎಳೆದುಕೊಂಡೆ. ಮೂರನೆಯ ಪಂಕ್ತಿಯ ಕೊನೆಗೆ ಬಂದೆ.

“ಆಮೇಲೆ?” ಎಂದರು ಸಾಹೇಬರು.

ನಾನು ಕಣ್ಣು ಕಿರಿದುಮಾಡಿ ಇನ್ನೊಮ್ಮೆ ನೋಡಿದೆ. ಬೇರೆ ಏನಾದರೂ ಕಾಣಬಹುದೆಂಬ ಆಸೆ.

“ಆಮೇಲೆ... ಒಂದು ತಾವರೆ ಹೂವು ಸರ್.”

“ಹೆಸರು?”

“ಹೆಸರು... ಇಲ್ಲ ಸರ್.”

ಪೇಂಟರ್ ಕೂಡ ಸಮಾರಂಭ ನೋಡಲು ಬಂದಿದ್ದ. ಗುಂಪಿನ ಹಿಂದಿನಿಂದ ಅವನ ದನಿ ಬಂತು. “ಸಾರ್ ಚುಕ್ಕಿ ಚುಕ್ಕಿ ಇಟ್ಟಿದ್ರು. ಅಲ್ಲಿ ಡಿಸೈನ್ ಬೇಕೇನೋ ಅಂದ್ಕಂಡೆ.”

ಮಾವನ ಮುಖವನ್ನು ನಾನು ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ. ಭೂಮಿ ಬಾಯಿ ಬಿಡಲಿ ಎಂದು ಬೇಡಿಕೊಳ್ಳುತ್ತಿದ್ದಾಗ ಒಂದು ವಿಚಿತ್ರ ಸದ್ದು ಕೇಳಿತು. ಜನರಲ್ ಸಾಹೇಬರು ನಗುತ್ತಿದ್ದರು. ಕೋಲಿಗೆ ಒರಗಿ, ಭುಜ ಕುಣಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ನಾನು ಇಷ್ಟೆಲ್ಲ ಮಾಡಿದೀನಿ ಅಂತ ನನಗೇ ಗೊತ್ತಿರಲಿಲ್ಲ ಮೇಷ್ಟ್ರೇ,” ಎಂದರು. “ಹೆಸರು ಇಲ್ಲದ್ದು ಒಳ್ಳೇದೇ ಆಯ್ತು. ಇದನ್ನ ಓದಿದವರು ಬೇರೆ ಯಾರೋ ಅಂದುಕೊಳ್ತಾರೆ.”

ಎಲ್ಲರೂ ನಕ್ಕರು. ಮಾವ ಮಾತ್ರ ನಗಲಿಲ್ಲ. ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದು ಕಾಲು ಜೋಡಿಸಿ ನಿಂತರು. “ಸಾಹೇಬ್, ತಪ್ಪು ನಂದು. ಕೆಲಸ ಒಪ್ಪಿಸಿದ್ದು ನಾನು. ಬಂದು ನೋಡ್ಬೇಕಾಗಿತ್ತು, ನೋಡಲಿಲ್ಲ.”

ನನ್ನ ಹೆಸರನ್ನು ಅವರು ಎತ್ತಲೇ ಇಲ್ಲ. ನಾನೇ ಮುಂದೆ ಹೋಗಿ, ಅಲ್ಲ, ತಪ್ಪು ನನ್ನದು ಎನ್ನಬೇಕಿತ್ತು. ಎಂದೆ ಕೂಡ. ಆದರೆ ದನಿ ಎಷ್ಟು ಸಣ್ಣಗಿತ್ತೆಂದರೆ ಅಷ್ಟರಲ್ಲಿ ನನ್ನ ಪಕ್ಕಕ್ಕೆ ಬಂದಿದ್ದ ಪೇಂಟರ್ ಮಾತ್ರ ಕೇಳಿಸಿಕೊಂಡು, “ಹೌದು ಸಾರ್” ಎಂದ.

“ನೀವು ಯಾವ ದಳ?” ಎಂದು ಸಾಹೇಬರು ಮಾವನನ್ನು ಕೇಳಿದರು.

ಮಾವ ಹೇಳಿದರು. ಆಮೇಲೆ, ಇಷ್ಟು ವರ್ಷ ಕಾದಿಟ್ಟುಕೊಂಡ ಮಾತನ್ನು ತಡೆಯಲಾರದೆ, ಬೆಟ್ಟದ ಹೆಸರು, ಹೊಳೆಯ ಹೆಸರು, ಹಿಮ, ಸೇತುವೆ, ಅರ್ಧ ಚಹಾ ಎಲ್ಲವನ್ನೂ ಹೇಳಿದರು. ಸಾಹೇಬರ ಮುಂದೆ ಆ ನದಿ ಮತ್ತೆ ಹೊಳೆಯಾಯಿತು. ಒಂದು ಅಡಿಯನ್ನೂ ಅವರು ಹೆಚ್ಚು ಹೇಳಲಿಲ್ಲ. ಹೇಳಿ ಮುಗಿಸಿ, ಸಾಹೇಬರ ಮುಖವನ್ನೇ ನೋಡುತ್ತಾ ನಿಂತರು.

ಹೂಂ, ನೆನಪಿದೆ ಎಂದುಬಿಡಬಹುದಿತ್ತು ಸಾಹೇಬರು. ದೊಡ್ಡವರು ಹಾಗೆಯೇ ಹೇಳುವುದು. ಅವರು ಹೇಳಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, “ನೆನಪಿಲ್ಲ ಸುಬೇದಾರ್ ಸಾಬ್” ಎಂದರು. ಮಾವನ ಗದ್ದ ಒಂದಿಷ್ಟು ಕೆಳಗಿಳಿಯಿತು. ಸಾಹೇಬರು ಅವರ ತೋಳು ಹಿಡಿದುಕೊಂಡರು. “ಎಷ್ಟೋ ಸೇತುವೆ ದಾಟಿದೀನಿ. ನಿಮ್ಮದು ಕುಸಿದಿದ್ರೆ ಖಂಡಿತ ನೆನಪಿರ್ತಿತ್ತು. ಕುಸಿದಿಲ್ಲ. ಅದಕ್ಕೇ ಇವತ್ತು ಇಲ್ಲಿ ನಿಂತು ಮರೆತುಹೋಗಿದೆ ಅಂತ ಹೇಳಕ್ಕಾಗ್ತಿದೆ.”

ಮಾವ ಕೋಟಿನ ಗುಂಡಿಯನ್ನು ಎರಡು ಮೂರು ಸಲ ಮುಟ್ಟಿ ನೋಡಿಕೊಂಡರು.

ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. “ನೀವೇನಾ ಸಾಮಿ ಆ ಜನರಲ್ಲು?”

“ಹೌದಮ್ಮ.”

“ಹಂಗಾದ್ರೆ ನೀವೇ ನ್ಯಾಯ ಹೇಳಿ. ನಾವು ಇಲ್ಲಿ ಕೂತು ಉಣ್ಬೋದೋ ಬ್ಯಾಡ್ವೋ? ಈವಯ್ಯ ಬ್ಯಾಡ ಅಂತವ್ನೆ.” ನನ್ನ ಕಡೆ ಬೊಟ್ಟು ಮಾಡಿದಳು. ನೀರು ಹೊತ್ತದ್ದರ ಮಾತೇ ಇಲ್ಲ.

“ನಮಗೂ ಇಕ್ಕೋದಾದ್ರೆ ಉಣ್ಣಿ,” ಎಂದರು ಸಾಹೇಬರು.

ಸಮಾರಂಭದ ಕಾರ್ಯಕ್ರಮದಲ್ಲಿ ನನ್ನ ಭಾಷಣವೂ ಇತ್ತು. ಯಾರೂ ಅದನ್ನು ಕೇಳಲಿಲ್ಲ. ಗಂಟುಮೂಟೆಗಳು ಕುರ್ಚಿಯಿಂದ ಇಳಿದವು, ಜನರಲ್ ಸಾಹೇಬರು ಕುರ್ಚಿ ಬೇಡವೆಂದು ಜಗಲಿಯ ಮೇಲೆಯೇ ಕೂತರು. ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಹಿಸುಕಿದ ಬೇಳೆ ಸಾರು, ಮುದ್ದೆ. ಸಾಹೇಬರು ಮುದ್ದೆ ಮುರಿಯುವುದರಲ್ಲಿ ಸ್ವಲ್ಪ ತಡವರಿಸಿದಾಗ, “ಅಗೀಬ್ಯಾಡಿ, ನುಂಗಿ ಸಾಮಿ” ಎಂದು ಅಜ್ಜಿ ಗದರಿಸಿದಳು. ಅವರು ನುಂಗಿದರು. ಊಟದ ನಡುವೆ ಸಾಹೇಬರೂ ಮಾವನೂ ಹಿಮದಲ್ಲಿ ಪಾದ ಒಡೆಯದಂತೆ ಏನು ಸವರಿಕೊಳ್ಳುತ್ತಿದ್ದರೆಂದು ಮಾತಾಡುತ್ತಿದ್ದರು. ನಾನು ಬಡಿಸುತ್ತಿದ್ದೆ. ಆ ಕೆಲಸದಲ್ಲಿ ನಾನು ಒಂದು ತೊಟ್ಟೂ ಚೆಲ್ಲಲಿಲ್ಲ ಎಂಬುದನ್ನು ಯಾರಾದರೂ ಗಮನಿಸಿದರೋ ಇಲ್ಲವೋ ತಿಳಿಯದು.

ಸಂಜೆ ಮಾವ ನಮ್ಮ ಮನೆಗೆ ಬಂದರು. “ಹೆಂಗಾಯ್ತಪ್ಪ?” ಎಂದು ಹೆಂಡತಿ ಕೇಳಿದಳು. ನಾನು ಗೋಡೆ ನೋಡಿದೆ.

“ಚೆನ್ನಾಗೇ ಆಯ್ತಮ್ಮ,” ಎಂದರು ಮಾವ. ಕೋಟು ಬಿಚ್ಚಿ ನೇತುಹಾಕಿ ಕಾಲು ತೊಳೆಯಲು ಹೋದರು. ಬಚ್ಚಲಿನಿಂದ ಸ್ವಲ್ಪ ಹೊತ್ತಿನ ಮೇಲೆ ಅವರ ದನಿ ಬಂತು.

“ತಾವರೆ ಹೂವು!”

ಆಮೇಲೆ ನಗು. ಅವರು ಹಾಗೆ ನಗುವುದನ್ನು ನಾನು ಕೇಳಿರಲೇ ಇಲ್ಲ. ಹೆಂಡತಿ ಗಾಬರಿಯಾಗಿ ನನ್ನ ಮುಖ ನೋಡಿದಳು. ಆಗ ಎಲ್ಲವನ್ನೂ ಹೇಳಬೇಕಾಯಿತು. ಅವಳು ನಕ್ಕದ್ದನ್ನು ವಿವರಿಸುವುದಿಲ್ಲ. ಮುಂದಿನ ಹತ್ತು ವರ್ಷ ನಮ್ಮ ಮನೆಯಲ್ಲಿ ಯಾರಾದರೂ ಏನನ್ನಾದರೂ ಮರೆತರೆ “ಅಲ್ಲಿ ತಾವರೆ ಹೂವು ಬಿಡ್ಸಿದೀರಾ?” ಎಂಬುದೇ ಮಾತಾಯಿತು.

ಪೇಂಟರ್ ಮತ್ತೆ ಬಂದು ಕಮಾನಿಗೆ ಸುಣ್ಣ ಬಳಿದ. ನನ್ನ ಬಿರುದುಗಳು ಒಂದೊಂದಾಗಿ ಬೆಳ್ಳಗಾದವು. ಈ ಸಲ ಮಾವನೇ ಏಣಿಯ ಕೆಳಗೆ ನಿಂತು ಬರೆಸಿದರು. ದರ್ಜೆ, ಹೆಸರು, ನಿವಾಸ, ಮೂರೇ ಮಾತು, ಮೂರೂ ಒಂದೇ ಗಾತ್ರ. ನಂದಿಯ ಬಸ್ಸಿನ ಕಿಟಕಿಯಿಂದ ಓದಿದರೂ ಅರ್ಥವಾಗುತ್ತಿತ್ತು.

ಆದರೆ ಜನರಲ್ ಸಾಹೇಬರು ಹೋಗುವಾಗ, ಜಗಲಿಯನ್ನು ದಾರಿಹೋಕರಿಗೆ ಬಿಟ್ಟುಕೊಡಿ ಎಂದು ಹೇಳಿಹೋಗಿದ್ದರು. ಸಾಹೇಬರ ಮಾತು ಮಾವನಿಗೆ ಆಜ್ಞೆ. ಸಭೆ ಸೇರಿಸಿ ನಿಯಮ ಮಾಡಿದರು: ಜಗಲಿಯಲ್ಲಿ ಯಾರು ಬೇಕಾದರೂ ಇಳಿಯಬಹುದು, ಅಡುಗೆ ಮಾಡಿಕೊಳ್ಳಬಹುದು, ಹೋಗುವಾಗ ಗುಡಿಸಿ ಹೋಗಬೇಕು. ಹತ್ತಿರದಲ್ಲಿ ಇರುವವನು ನಾನಾದ್ದರಿಂದ ಬಂಗಲೆಯ ಬೀಗದ ಕೈ ನನಗೆ ಬಂತು. ತೊಂಬತ್ತರ ದಶಕದ ಉದ್ದಕ್ಕೂ ಅದು ನನ್ನ ಜೇಬಿನಲ್ಲಿತ್ತು. ಕೈವಾರಕ್ಕೆ ಹೋಗಿ ಬರುವವರು, ಶಿಡ್ಲಘಟ್ಟಕ್ಕೆ ರೇಷ್ಮೆಗೂಡು ಮಾರಲು ಹೊರಟು ಬಸ್ಸು ತಪ್ಪಿದವರು, ನಂದಿಗೆ ಹರಕೆ ಹೊತ್ತವರು, ಎಲ್ಲರೂ ಬಂದರು. ಎಲ್ಲರೂ ಗುಡಿಸಲಿಲ್ಲ.

ಅದನ್ನು ನೋಡಲು ಮಾವ ತಿಂಗಳಿಗೊಮ್ಮೆ ತಪಾಸಣೆಗೆ ಬರುತ್ತಿದ್ದರು. ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಸೈಕಲ್ಲಿನಲ್ಲಿ ಕೂರಿಸಿಕೊಂಡು ಬರುತ್ತಿದ್ದೆ. ಅವರು ಜಗಲಿಯ ಮೆಟ್ಟಿಲ ಮೇಲೆ ಕೂತು, ಕಡಲೆಕಾಯಿ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಾ, ಸಿಪ್ಪೆಯನ್ನು ಮಾತ್ರ ಜೋಪಾನವಾಗಿ ಟವೆಲಿನಲ್ಲಿ ಕಟ್ಟಿಕೊಳ್ಳುತ್ತಾ, ನಾನು ಪೊರಕೆ ಹಿಡಿದು ಕಂಬದಿಂದ ಕಂಬಕ್ಕೆ ಹೋಗುವುದನ್ನು ನೋಡುತ್ತಿದ್ದರು.

“ಅಳಿಯಂದ್ರೆ,” ಎನ್ನುತ್ತಿದ್ದರು, “ಆ ಮೂಲೆ ಬಿಟ್ರಿ ನೋಡಿ.”

ಬಿಟ್ಟಿರುತ್ತಿದ್ದೆ. ಹೋಗಿ ಗುಡಿಸುತ್ತಿದ್ದೆ.